ಮಂಡ್ಯದಾಕಿಯ ಒಡಪು

“ಗಂಡನ ಹೆಸರ ಹೇಳೂತನಕ ಆರತಿ ಮುಟ್ಟಂಗಿಲ್ಲ,” ಎಂದು ಮೈಲಾರವ್ವ ಆರತಿ ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿದಳು. ಧಾರವಾಡ ಸೀಮೆಯ ಸಂಶಿ ಊರಿನ ಮಲ್ಲಕ್ಕನ ಪಡಸಾಲೆಯಲ್ಲಿ ಆ ಮಧ್ಯಾಹ್ನ ಕಾಲಿಡಲು ಜಾಗವಿರಲಿಲ್ಲ. ಮಗಳು ಅರುಣಾಳ ಸೀಮಂತದ ಕುಬಸ. ಹಸಿರು ಸೀರೆಯುಟ್ಟು, ಕೈತುಂಬ ಹಸಿರು ಬಳೆ ತೊಟ್ಟ ಬಸುರಿ ಮಣೆಯ ಮೇಲೆ ಕೂತಿದ್ದಳು. ಆರತಿ ಎತ್ತುವವರ ಸಾಲು ಬಾಗಿಲಾಚೆಗೂ ಬೆಳೆದಿತ್ತು. ಗಂಡನ ಹೆಸರನ್ನು ಸುಮ್ಮನೆ ಉಸುರಿದರೆ ಓಣಿಯ ಹಿರಿಯಳಾದ ಮೈಲಾರವ್ವ ಒಪ್ಪುವವಳಲ್ಲ. ಪ್ರಾಸ ಕೂಡಿಸಿದ ಎರಡು ಸಾಲಿನ ಒಡಪಿನಲ್ಲಿ ಹೆಸರನ್ನಿಟ್ಟು, ಎಲ್ಲರಿಗೂ ಕೇಳುವಂತೆ ಹೇಳಬೇಕು.

ಸಾಲಿನಲ್ಲಿ ನಿಂತಿದ್ದ ಮನೆಯ ಕಿರಿಸೊಸೆ ಸುಧಾರಾಣಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಅದು ಹೆದರಿಕೆಯಲ್ಲ, ಹುರುಪು. ಭತ್ತ ಕೊಯ್ಯುವ ಮಷೀನು ಓಡಿಸುತ್ತ ಮಂಡ್ಯದ ಕಡೆ ಹೋದ ಸುಭಾಸ ಅಲ್ಲಿಂದ ಅವಳನ್ನು ಮದುವೆಯಾಗಿ ಕರೆತಂದಿದ್ದ. ಬಂದ ದಿನದಿಂದ ಊರಿಗೆ ಅವಳ ಮಾತೇ ಒಂದು ಆಟ. ಅವಳು “ಎಲ್ಲೋಗಿದ್ರಿ?” ಅಂದರೆ ಸಾಕು, ನಲ್ಲಿಯ ಬಳಿ ಇದ್ದವರೆಲ್ಲ “ಎಲ್ಲೋಗಿದ್ರೀ...” ಎಂದು ಎಳೆದು ಆಡಿ ನಗುತ್ತಿದ್ದರು. ಎಲ್ಲರ ಬಾಯಲ್ಲೂ ಅವಳು ಮಂಡ್ಯದಾಕಿ. ಅವರದು ಕೆಟ್ಟ ಮನಸ್ಸೇನಲ್ಲ, ನಿಜ. ಆದರೆ ಬಾಯಿ ತೆರೆದಾಗಲೆಲ್ಲ ಊರನ್ನು ನಗಿಸುತ್ತ ಬದುಕುವುದು ಯಾರಿಗೆ ತಾನೇ ಬೇಕು? ಅದಕ್ಕೇ ಫೋನಿನಲ್ಲಿ ಹುಡುಕಿ ಹುಡುಕಿ, ಅಗದಿ ಧಾರವಾಡದ ಧಾಟಿಯ ಒಂದು ಒಡಪನ್ನು ಕಲಿತಿದ್ದಳು. ರೊಟ್ಟಿ ಬಡಿಯುವಾಗಲೂ ಅದೇ, ಬಟ್ಟೆ ಒಗೆಯುವಾಗಲೂ ಅದೇ. ಇವತ್ತು ಅದನ್ನು ಹೇಳಿಬಿಟ್ಟರೆ ತಾನೂ ಈ ಊರಿನವಳೇ, ಮಂಡ್ಯದಾಕಿಯ ಕಥೆ ಅಲ್ಲಿಗೆ ಮುಗಿಯಿತು.

ಅವಳಿಗಿಂತ ಮುಂದೆ ಹಿರಿಸೊಸೆ ಮಂಜುಳಾ ಇದ್ದಳು. ಮಂಜುಳಾ ಸೆರಗು ಸರಿಮಾಡಿಕೊಂಡು ಕೊರಳು ಕೊಂಕಿಸಿದಳು.

“ಹತ್ತಿ ಹೊಲದಾಗ ಹಕ್ಕಿ ಕುಂತಾವ ಸಾಲಾಗಿ, ಬೀರಲಿಂಗರಾಯರ ಹೆಸರ ಹೇಳತೀನಿ ನಾಲ್ಕ ಮಂದ್ಯಾಗ ಮೇಲಾಗಿ.”

ಸುಧಾರಾಣಿ ಬೆಚ್ಚಿದಳು. ಅದು ತಾನು ಕಲಿತಿದ್ದ ಒಡಪೇ. ಒಂದೇ ಮನೆ, ಒಂದೇ ವೈಫೈ. ಇಬ್ಬರೂ ಸೊಸೆಯಂದಿರು ಕದ್ದುಮುಚ್ಚಿ ಒಂದೇ ವಿಡಿಯೋ ನೋಡಿದ್ದರು. ಹೆಂಗಸರು “ಭಾರಿ ಆತು ಬಿಡವಾ” ಎಂದು ಮಂಜುಳಾಳನ್ನು ಹೊಗಳುವಷ್ಟರಲ್ಲಿ ಸಾಲು ಮುಂದೆ ಸರಿದು, ಮೈಲಾರವ್ವನ ಅಂಗೈ ಮತ್ತೆ ತಟ್ಟೆಯ ಮೇಲೆ ಬಂದಿತ್ತು.

“ಸುಮ್ಮನಿರ್ರೆ ಎಲ್ಲಾರೂ, ಮಂಡ್ಯದಾಕಿ ಬಂದ್ಲು,” ಎಂದಳು ಮೈಲಾರವ್ವ. “ಹೇಳವಾ, ಕೇಳೂಣು.”

“ಹತ್ತಿ ಹೊಲ...” ಎಂದು ಸುಧಾರಾಣಿ ತೊದಲಿದಳು.

“ಒಬ್ಬಾಕಿ ಹೇಳಿದ್ದನ್ನ ಇನ್ನೊಬ್ಬಾಕಿ ಹೇಳಂಗಿಲ್ಲ. ಬ್ಯಾರೇದ ಹೇಳ.”

ಬೇರೆ ಎಲ್ಲಿದೆ? ಕಲಿತದ್ದೇ ಅದೊಂದು. ಹಿಂದಿನಿಂದ ಕಿಸಿಕಿಸಿ ನಗು ಕೇಳಿತು. ಅತ್ತೆ ಮಲ್ಲಕ್ಕನಿಗೆ ಪಾಪ ಅನ್ನಿಸಿರಬೇಕು. “ಬಿಡ ಮೈಲಾರವ್ವ, ನಮ್ಮ ಕಡಿ ಒಡಪ ಆಕಿಗೆ ಎಲ್ಲಿಂದ ಬರಬೇಕು? ಸುಮ್ನ ಆರತಿ ಎತ್ತಲಿ,” ಎಂದಳು.

ಪ್ರೀತಿಯಿಂದಲೇ ಆಡಿದ ಮಾತು, ಆದರೆ ಸುಧಾರಾಣಿಗೆ ಕಪಾಳಕ್ಕೆ ಬಾರಿಸಿದಂತಾಯಿತು. ಹಾಗೆ ಸುಮ್ಮನೆ ಎತ್ತಿಬಿಟ್ಟರೆ ಮುಂದೆ ಮೊಮ್ಮಕ್ಕಳು ಹುಟ್ಟಿದರೂ ಅವಳು ಹೊರಗಿನವಳೇ. ಇಷ್ಟು ದಿನ ಅಳೆದು ತೂಗಿ ಆಡುತ್ತಿದ್ದ ಮಾತೆಲ್ಲ ಆ ಕ್ಷಣಕ್ಕೆ ಕೈಬಿಟ್ಟುಹೋಯಿತು.

“ಸುಮ್ಕೆ ಎತ್ತಾಕಿಲ್ಲ ಅತ್ತೆ,” ಎಂದಳು. “ತಡೀರಿ, ಹೇಳ್ತೀನಿ.”

ಕಣ್ಣು ಮುಚ್ಚಿದಳು. ಒಳಗೆ ಎಲ್ಲಿತ್ತೋ ಏನೋ, ಸಾಲುಗಳು ತಾವಾಗಿಯೇ ನಾಲಗೆಗೆ ಬಂದವು:

“ಕಬ್ಬಿನ್ ಗದ್ದೇಲ್ ಬೆಳ್ದೋಳ್ ನಾನು, ಕರಿಮಣ್ಣಿನ್ ಊರ್ಗೆ ಕಾಲಿಟ್ಟೆ, ಸುಭಾಸಪ್ನೋರ್ಗೆ ನನ್ ಮಾತೊಂದ್ ಬುಟ್ಟು ಮಿಕ್ಕಿದ್ದೆಲ್ಲಾವ ಕೊಟ್ಬುಟ್ಟೆ.”

ಪಡಸಾಲೆಯ ತುಂಬ ನಗು, ಚಪ್ಪಾಳೆ. ಆ ಗದ್ದಲಕ್ಕೆ ಬೀದಿಯಲ್ಲಿ ಹೋಗುತ್ತಿದ್ದವರೂ ಒಳಗೆ ಇಣುಕಿದರು. ಮಣೆಯ ಮೇಲಿದ್ದ ಅರುಣಾ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡು “ವೈನೀ, ಇನ್ನೊಮ್ಮೆ ಹೇಳ್ರಿ” ಎಂದು ಅತ್ತಿಗೆಯನ್ನು ಕೂಗಿದಳು. ಮಂಜುಳಾ ಬಂದು ಸುಧಾರಾಣಿಯ ಬೆನ್ನಿಗೊಂದು ಗುದ್ದು ಕೊಟ್ಟು, “ಎಲ್ಲಿ ಇಟ್ಟಿದ್ದಿಲೇ ಇದನ್ನ?” ಎಂದಳು. ಸುಧಾರಾಣಿ ಇನ್ನೊಮ್ಮೆ ಹೇಳಿದಳು, ಈ ಸಲ ಕಣ್ಣು ತೆರೆದುಕೊಂಡು, ದೊಡ್ಡ ದನಿಯಲ್ಲಿ. ಇಷ್ಟು ಸಂತೋಷವನ್ನು ಅವಳು ಈ ಊರಿಗೆ ಬಂದಮೇಲೆ ಕಂಡಿರಲಿಲ್ಲ.

ಮೈಲಾರವ್ವ ಮಾತ್ರ ನಗಲಿಲ್ಲ. ತಟ್ಟೆಯ ಮೇಲಿನ ಕೈ ತೆಗೆದು, ಅದೇ ಕೈಯಲ್ಲಿ ಸುಧಾರಾಣಿಯ ಗದ್ದ ಹಿಡಿದು, ಅವಳ ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿದಳು.

“ಗಂಡನ ಹೆಸರ ಛಲೋ ಹೇಳಿದಿ,” ಎಂದಳು. “ಮಂಡ್ಯದಾಕಿ, ಮಂಡ್ಯದಾಕಿ ಅನಕೋತ ನಿನ್ನ ಹೆಸರ ಯಾರೂ ಕೇಳೇ ಇಲ್ಲ ನೋಡ. ಏನವಾ ನಿನ್ನ ಹೆಸರು?”