ಅಜ್ಜಿಯ ಬಾಯಲ್ಲಿ ಬಂದ ಹೆಸರು

ಅಜ್ಜಿ ತೀರಿಕೊಂಡ ಮೇಲೆ ಅವರ ಟ್ರಂಕು ತೆಗೆದರೆ ಸೀರೆಗಳ ನಡುವೆ ಒಂದು ಬಜೆಯ ತುಂಡು ಸಿಕ್ಕಿತು. ಅದರ ವಾಸನೆ ಈಗಲೂ ನನ್ನ ಬೆರಳಲ್ಲಿದೆ.

ನನ್ನ ತಮ್ಮನ ನಾಮಕರಣದ ಮಧ್ಯಾಹ್ನ ಗೋವಿಂದರಾಜನಗರದ ನಮ್ಮ ಮನೆಯಲ್ಲಿ ಇದೇ ವಾಸನೆಯಿತ್ತು. ಮಗುವಿನ ಕೈಗೆ ಅಜ್ಜಿಯೇ ಬಜೆ ಕಟ್ಟಿದ್ದರು. ತೀರಿಹೋದ ತಾತನ ಹೆಸರು, ನಂಜುಂಡ ಅಂತ, ಮೊಮ್ಮಗನಿಗೆ ಇಡಬೇಕೆಂಬುದು ಅವರ ಆಸೆ. ಆದರೆ ಆ ವರ್ಷ ಸರಣಿ ಕೊಲೆ ಮಾಡಿ ಸಿಕ್ಕಿಬಿದ್ದವನ ಹೆಸರೂ ಅದೇ. ಟಿವಿ ಹಾಕಿದರೆ ಅವನದೇ ಮುಖ.

"ಈಚೆಗೆ ನಾನು ಮಾಡಿಸಿದ ಯಾವ ನಾಮಕರಣದಲ್ಲೂ ಈ ಹೆಸರು ಬಂದಿಲ್ಲಮ್ಮ," ಎಂದರು ಪುರೋಹಿತರು.

ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಾದವರು ಸೋದರತ್ತೆ. ಅವರು ತೊಟ್ಟಿಲಿನಿಂದ ಹಿಂದೆ ಸರಿದರು. "ಸ್ಕೂಲಲ್ಲಿ ಕೊಲೆಗಾರ ಅಂತ ರೇಗಿಸ್ತಾರೆ ಕಣಮ್ಮ. ನಾನಂತೂ ಹೇಳಲ್ಲ."

"ನಿಮ್ಮಪ್ಪ ಒಂದು ಇರುವೇನೂ ತುಳಿದೋರಲ್ಲ ಕಣೇ," ಎಂದರು ಅಜ್ಜಿ.

"ನಮಗೆ ಗೊತ್ತು. ಊರಿಗೆ ಗೊತ್ತಾ?"

ಅಜ್ಜಿ ಗಂಡನ ಹೆಸರನ್ನು ಎಂದೂ ಬಾಯಿಬಿಟ್ಟು ಹೇಳಿದವರಲ್ಲ. ರೇಷನ್ ಅಂಗಡಿಯಲ್ಲಿ ಕೇಳಿದರೆ ಹೇಳಲು ನನ್ನನ್ನು ಮುಂದೆ ತಳ್ಳುತ್ತಿದ್ದರು. ಅಂದು ಅವರು ತೊಟ್ಟಿಲು ಹಿಡಿದು ಮಗುವಿನ ಕಿವಿಯ ಹತ್ತಿರ ಬಗ್ಗಿದರು.

"ನಂಜುಂಡ," ಎಂದರು, ಎಲ್ಲರಿಗೂ ಕೇಳುವ ಹಾಗೆ.

ಅಪ್ಪ ತಮಗೇ ತಿಳಿಯದೆ ಕೈಮುಗಿದಿದ್ದರು. ಅಜ್ಜಿ ಮತ್ತೊಮ್ಮೆ ಹೇಳಿದರು, ಹೊಸ ಮದುಮಗಳ ಹಾಗೆ ನಾಚಿಕೊಂಡು.

ಆಗ ಅತ್ತೆ ಕಣ್ಣೊರೆಸಿಕೊಂಡು ಬಂದು ಮಗುವಿನ ಇನ್ನೊಂದು ಕಿವಿಗೆ ಬಗ್ಗಿದರು.