ಗಿಟಾರಿನ ಆಯುಧಪೂಜೆ

"ತೊಳೆದ್ಯಾ? ಗಿಟಾರನ್ನ ತೊಳೆದ್ಯಾ?" ಆವಲಪ್ಪನ ಕೂಗಿಗೆ ಹಿತ್ತಲ ಕೋಳಿಗಳು ಬೇಲಿ ದಾಟಿದವು.

"ಆಯುಧಪೂಜೆಗೆ ತೊಳೀದೆ ಅಂಗೇ ಇಡ್ಲಾ? ಮಚ್ಚು, ಕುಡುಗೋಲು, ನಿನ್ ಸೈಕಲ್ಲು, ಎಲ್ಲಾನೂ ತೊಳ್ದೆ. ಇದೇನು ಪಾಪ ಮಾಡಿತ್ತು?" ಎಂದಳು ತಾಯಿ ಪಿಳ್ಳಮ್ಮ. "ಇದರ ಮೇಲಿನ ಎರಡು ಬೆಳ್ಳಿ ಬಿಲ್ಲೆ ಮಂಕಾಗಿದ್ವು. ಉಣಸೆಹಣ್ಣು ಆಕಿ ಉಜ್ಜಿದೀನಿ. ಈಗ ಮುಖ ನೋಡ್ಕೋ ಬೇಕಾದ್ರೆ."

ಕೆಂಪು ಗಿಟಾರು ತುಳಸಿಕಟ್ಟೆಗೆ ಒರಗಿ, ಎರೆದು ಕೂರಿಸಿದ ಕೂಸಿನಂತೆ ನೀರು ತೊಟ್ಟಿಕ್ಕಿಸುತ್ತಿತ್ತು. ಶಿವಾಜಿನಗರದ ಹಳೇ ಸಾಮಾನಿನ ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕಿದ್ದು. ಬಣ್ಣ ಎದ್ದಿತ್ತು, ಮರ ಸವೆದಿತ್ತು. ಆದರೆ ಆ ಬಿಲ್ಲೆಗಳ ಕೆಳಗೆ, ತಂತಿಯ ಮಿಡಿತವನ್ನು ಹಿಡಿದು ಕರೆಂಟಾಗಿಸುವ ಎರಡು ಪಿಕಪ್‌ಗಳಿದ್ದವು. ಕೆಳಗಿನದು ತಗಡು ಕೆರೆದಂತೆ ಕಿರುಚುತ್ತಿತ್ತು. ಮೇಲಿನದರ ಮಾತೇ ಬೇರೆ. ರೇಡಿಯೋ ಹಿಂದಿನ ತೂತಿಗೆ ವೈರು ಚುಚ್ಚಿ ಮೀಟಿದರೆ, ಮಾಗಿಯ ಮುಂಜಾನೆ ದಾಸಯ್ಯ ಬೀದಿ ದಾಟಿದ ಮೇಲೂ ಉಳಿಯುವ ಜಾಗಟೆಯ ಗುಂಗು! ಸಾವಿರಾರು ರೂಪಾಯಿಯ ಗಿಟಾರಿಗೂ ಆ ದನಿ ಇಲ್ಲವೆಂದು ಆವಲಪ್ಪ ನಂಬಿದ್ದ.

ಅಂದು ಮೂರು ಗಂಟೆಗೆ ಪೀಣ್ಯದ ಮೋಟಾರು ಕಾರ್ಖಾನೆಯ ಪೂಜೆಯಲ್ಲಿ ಅವನು ಮೊದಲ ಸಲ ಎಲ್ಲರೆದುರು ನುಡಿಸಬೇಕಿತ್ತು. "ನಿನ್ ಸೌದೆ ಏನ್ ಹಾಡುತ್ತೋ ನೋಡೇಬಿಡಾಣ ಗುರು" ಎಂದು ಜೊತೆಗಾರರು ವಾರದಿಂದ ಹಲ್ಲು ಕಿಸಿಯುತ್ತಿದ್ದರು.

ಒರೆಸಿದ, ಬಿಸಿಲಿಗಿಟ್ಟ, ವೈರು ಚುಚ್ಚಿದ. ಕೆಳಗಿನದು ಕಿರುಚಿತು. ಮೇಲಿನದು ತುಟಿ ಬಿಚ್ಚಲಿಲ್ಲ. ಬಿಲ್ಲೆ ತೆಗೆದು ನೋಡಿದರೆ, ಕೂದಲಿಗಿಂತ ಸಣ್ಣ ತಾಮ್ರದ ಎಳೆ ಬೆಸುಗೆಯ ಹತ್ತಿರ ಕಿತ್ತು, ಅದರ ತುದಿ ಸಾವಿರಾರು ಸುತ್ತುಗಳ ನಡುವೆ ಎಲ್ಲೋ ಅಡಗಿತ್ತು. ದಿನವಿಡೀ ಮೋಟಾರಿಗೆ ದಪ್ಪ ತಂತಿ ಸುತ್ತುವ ಅವನ ಬೆರಳುಗಳಿಗೆ ಅದು ಸಿಗಲಿಲ್ಲ.

"ಹುಣಸೆಹಣ್ಣಲ್ಲಿ ಉಜ್ಜು ಅಂತ ದೇವ್ರು ಬಂದು ಕೇಳಿದ್ನಾ? ಸಾರು ಮಾಡಿದ್ರಾಗ್ತಿರಲಿಲ್ವಾ?"

"ಸಾರೂ ಮಾಡಿದೀನಿ. ತತ್ತಾ ಇಲ್ಲಿ."

"ಮುಟ್ಬೇಡ! ಇನ್ನೊಂದ್ಸಲ ಮುಟ್ಟಿದ್ರೆ..."

ಅಷ್ಟರಲ್ಲಿ ಅದು ಅವಳ ಕೈಯಲ್ಲಿತ್ತು. ಮದುವೆಗೆ ಮುಂಚೆ ಹತ್ತಿರದ ವಿಜಯಪುರದ ತವರಿನಲ್ಲಿ, ಕುದಿನೀರಿನ ಗೂಡುಗಳಿಂದ ರೇಷ್ಮೆಯ ಎಳೆ ಹುಡುಕಿ ತೆಗೆದ ಕೈ. ಹೊಸ್ತಿಲ ಬೆಳಕಿಗೆ ಕೂತಳು. ಬೆರಳಿಗೆ ಎಂಜಲು ಹಚ್ಚಿ, ಕಣ್ಣು ಮುಚ್ಚಿ, ಸುತ್ತಿನ ಮೇಲೆ ಮೆಲ್ಲಗೆ ಸವರಿದಳು.

"ಸಿಕ್ತು. ಇಡ್ಕೋ. ಮತ್ತೆ ಕಿತ್ಗಿತ್ತೀಯ!"

ಅವನು ಬೆಸೆದು ಮೀಟಿದ. ದಾಸಯ್ಯ ಬೀದಿ ದಾಟಿದ, ಜಾಗಟೆಯ ಗುಂಗು ಉಳಿಯಿತು.

"ಎರಡೂವರೆ ಆಯ್ತು, ಎಲ್ಲಾ ನಿನ್ನಿಂದ್ಲೇ" ಎಂದು ಗೊಣಗಿ, ಗಿಟಾರು ಹೆಗಲಿಗೇರಿಸಿ ಹೊರಟ. ಅಂಗಳದಲ್ಲಿ ಪಿಳ್ಳಮ್ಮ ಒಂದು ನಿಂಬೆಹಣ್ಣಿಟ್ಟು ಅಡ್ಡ ನಿಂತಿದ್ದಳು.

"ಸೈಕಲ್ಲು ಬೆಳಗ್ಗೇನೇ ತುಳೀತು. ಇದೂ ತುಳೀಲಿ."

"ಗಿಟಾರಿಗೆ ಚಕ್ರ ಎಲ್ಲೈತಮ್ಮಾ?"

"ಅದನ್ನ ಒತ್ಕೊಂಡು ಓಗೋ ಗಾಡಿ ನೀನಲ್ವೇನೋ? ತುಳಿ."

ಆವಲಪ್ಪ ಆಕಾಶ ನೋಡಿದ. ಆಮೇಲೆ ಚಪ್ಪಲಿ ಬಿಟ್ಟು, ತುಳಿದ.