ಎರಡನೇ ಆಲ್ಬಮ್ಮಿನ ನೆಗ್ಗು

ಮಗ ದೊಡ್ಡ ಪಾತ್ರೆಯನ್ನು ತಿರುಗಿಸಿ ತಿರುಗಿಸಿ ನೋಡಿ, "ಅಪ್ಪಾ, ಇದರ ನೆಗ್ಗು ಎಲ್ಲಿ?" ಎಂದ. ಹೊಲಿಗೆ ಯಂತ್ರ ತುಳಿಯುತ್ತಿದ್ದ ದರ್ಜಿಯ ಕಾಲು ಅಲ್ಲೇ ನಿಂತಿತು. ಹೋದ ತಿಂಗಳು ಹೆಂಡತಿ ಊರಲ್ಲಿಲ್ಲದ ಹೊತ್ತು ನೋಡಿ, ಪಾತ್ರೆ ರಿಪೇರಿಯವನಿಗೆ ಕೊಟ್ಟು ಅದನ್ನು ನೆಟ್ಟಗೆ ಮಾಡಿಸಿದ್ದವನು ಅವನೇ.

ಅದು ಹನ್ನೆರಡು ವರ್ಷದ ಹಿಂದಿನ ನೆಗ್ಗು. ಅಂದು ಊಟಕ್ಕೆ ಕೂತವನು ಸುಮ್ಮನಿರಲಾರದೆ, ಅಡುಗೆ ಅಂದರೆ ನಮ್ಮಕ್ಕನ ಕೈಯದು ಎಂದುಬಿಟ್ಟಿದ್ದ. ಹೆಂಡತಿ ಈ ಪಾತ್ರೆಯನ್ನೆತ್ತಿ ನೆಲಕ್ಕೆ ಕುಕ್ಕಿದ್ದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಪಾತ್ರೆ ಮಾತ್ರ ಎಲ್ಲಿಗೂ ಹೋಗದೆ ಅಡುಗೆಮನೆಯಿಂದ ದಿನಾ ಅವನನ್ನೇ ನೋಡುತ್ತಿತ್ತು. ಅಂದಿನಿಂದ ದರ್ಜಿಗೆ ಊಟ ಸಪ್ಪಗಿದ್ದರೂ ಚೆನ್ನಾಗಿದೆ, ಸೀದರೂ ಚೆನ್ನಾಗಿದೆ.

ಮಗನದು ನಾಲ್ವರ ಬ್ಯಾಂಡು. ತಮ್ಮದು ಪ್ರಾಯೋಗಿಕ ಪೋಸ್ಟ್-ಪಂಕ್ ಎಂಬ ರಾಕ್ ಸಂಗೀತ ಎಂದು ಹೇಳಿಕೊಳ್ಳುತ್ತಿದ್ದರು. ದರ್ಜಿಯ ಕಿವಿಗೆ ಅದು ಅಟ್ಟದ ಸಾಮಾನೆಲ್ಲ ಒಟ್ಟಿಗೆ ಬಿದ್ದ ಹಾಗಿರುತ್ತಿತ್ತು. ಆದರೆ ಮೊದಲ ಆಲ್ಬಮ್ಮಿನಲ್ಲಿ ಅವರು ಬಾರಿಸಿದ ಈ ಪಾತ್ರೆಯ 'ಟೊಂಯ್' ಸದ್ದಿಗೆ ಜನ ಮರುಳಾಗಿದ್ದರು. ಅದರಲ್ಲಿ ಇಡೀ ಕುಟುಂಬವೊಂದು ನುಂಗಿಕೊಂಡ ಸಿಟ್ಟಿದೆ ಎಂದು ಪತ್ರಿಕೆಯವನೊಬ್ಬ ಬರೆದಿದ್ದ. ಆ ಸದ್ದು ನೆಗ್ಗಿನದೆಂದು ಮಾತ್ರ ದರ್ಜಿಗೆ ಹೊಳೆದಿರಲಿಲ್ಲ. ಎರಡನೇ ಆಲ್ಬಮ್ಮಿನ ಒಂಬತ್ತೂ ಹಾಡುಗಳು ಆ ಸದ್ದನ್ನೇ ನಂಬಿಕೊಂಡಿದ್ದವು. ನಾಳೆ ಬೆಳಿಗ್ಗೆ ರೆಕಾರ್ಡಿಂಗ್. ಪಾತ್ರೆ ಈಗ ಸಭ್ಯವಾಗಿ 'ಟಣ್' ಎನ್ನುತ್ತಿತ್ತು.

ಸುತ್ತಿಗೆಯಲ್ಲಿ ಒಂದೇಟು ಹಾಕಿದರಾಗದೇ ಎಂದು ದರ್ಜಿ ಕೇಳಿ ನೋಡಿದ. ಬೇರೆ ನಾಲ್ಕು ಪಾತ್ರೆಗಳ ಮೇಲೆ ಆ ಪ್ರಯೋಗವೂ ಮುಗಿದಿತ್ತಂತೆ.

"ಸುತ್ತಿಗೆಗೆ ಸಿಟ್ಟು ಬರಲ್ಲಪ್ಪ. ಅಮ್ಮನೇ ಕುಕ್ಕಬೇಕು. ನೀನು ಆ ಮಾತು ಇನ್ನೊಂದ್ಸಲ ಅಂದುಬಿಡು."

ಹನ್ನೆರಡು ವರ್ಷ ದರ್ಜಿ ಬಾಯಿಗೆ ತಂದಿರದ ಮಾತು ಅದು. ಆದರೆ ತಪ್ಪು ತನ್ನದು, ರೆಕಾರ್ಡಿಂಗ್ ಮಗನದು. ಮಧ್ಯಾಹ್ನ ಊಟದ ಹೊತ್ತಿಗೆ ಪಾತ್ರೆಯನ್ನು ಹೆಂಡತಿಯ ಬಲಗೈಗೆ ಸಿಗುವಂತೆ ಇಟ್ಟರು. ಮಗ ಬಾಗಿಲ ಹಿಂದೆ ನಿಂತ. ದರ್ಜಿ ಎರಡು ತುತ್ತು ನುಂಗಿ, ನೀರು ಕುಡಿದು, "ಏನೇ ಹೇಳು, ಅಡುಗೆ ಅಂದ್ರೆ ನಮ್ಮಕ್ಕನ ಕೈದು" ಎಂದು ಕಣ್ಣು ಮುಚ್ಚಿಕೊಂಡ.

ಯಾವ ಸದ್ದೂ ಬರಲಿಲ್ಲ.

"ಹೌದು ಬಿಡಿ," ಎಂದಳು ಹೆಂಡತಿ, ಅವನ ತಟ್ಟೆಗೆ ಇನ್ನೊಂದು ಸೌಟು ಬಡಿಸುತ್ತ. "ಆ ರುಚಿ ನನ್ನ ಕೈಗೆ ಎಲ್ಲಿಂದ ಬರ್ಬೇಕು. ಇದು ಸಪ್ಪೆ ಅಂತ ನಂಗೂ ಗೊತ್ತು. ನೀವು ದಿನಾ ಚೆನ್ನಾಗಿದೆ ಅಂತೀರಲ್ಲ, ಅದಕ್ಕೇ ಹಾಗೇ ಮಾಡ್ತಾ ಬಂದೆ."

ಹನ್ನೆರಡು ವರ್ಷದ ತುತ್ತುಗಳೆಲ್ಲ ದರ್ಜಿಯ ಗಂಟಲಿಗೆ ಒಟ್ಟಿಗೆ ಬಂದವು. ಯಾರಿಗೂ ಒಂದು ಮಾತು ಜೋರಾಗಿ ಆಡದ ಮನುಷ್ಯ ಎದ್ದು, ಪಾತ್ರೆಯನ್ನು ಎರಡೂ ಕೈಯಲ್ಲಿ ಎತ್ತಿ ನೆಲಕ್ಕೆ ಅಪ್ಪಳಿಸಿದ.

ಮಗ ಓಡಿಬಂದು ಚಮಚದಿಂದ ತಟ್ಟಿ ನೋಡಿದ. 'ಟೊಂಯ್' ಎಂದದ್ದು ಬೇಗ ನಿಲ್ಲಲೇ ಇಲ್ಲ. ಅವನ ಕಣ್ಣಲ್ಲಿ ನೀರಾಡಿತು.

ಹೆಂಡತಿ ನೆಗ್ಗಿನೊಳಗೆ ಮುಷ್ಟಿಯಿಟ್ಟು ಅಳತೆ ನೋಡಿದಳು. "ನನ್ನದಕ್ಕಿಂತ ಆಳ ಇದೆ" ಎಂದವಳು ಒಳಗೆ ಹೋಗಿ, ಉಪ್ಪಿನ ಡಬ್ಬಿ ತಂದು ಗಂಡನ ತಟ್ಟೆಯ ಪಕ್ಕದಲ್ಲಿಟ್ಟಳು.